ಚಳಿಯ ತೊಂಬತ್ತು ದಿನ: ಮೈಸೂರು, ಮಂಡ್ಯದ ಕೈತೋಟದಲ್ಲಿ ಆಲೂಗಡ್ಡೆ

(ಮೈಸೂರಿನಲ್ಲಿ ಕೈತೋಟದ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಮನೆಯಂಗಳದಲ್ಲಿ ಆಲೂಗಡ್ಡೆ ಹಾಕಿ ನೋಡಿದವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಗಿಡ ಸೊಂಪಾಗಿ ಬಂತು, ಮೊಣಕಾಲುದ್ದ ಬೆಳೆಯಿತು, ಆಸೆಯಿಂದ ಕಿತ್ತು ನೋಡಿದರೆ ಬುಡದಲ್ಲಿ ಗೋಲಿ ಗಾತ್ರದ ನಾಲ್ಕು ಗಡ್ಡೆ. ಗೊಬ್ಬರ ಸಾಲದೆ ಹೀಗಾಯಿತು ಎಂದುಕೊಂಡು ಮುಂದಿನ ಸಲ ಇನ್ನಷ್ಟು ಸುರಿಯುತ್ತಾರೆ. ಆಗ ಗಿಡ ಇನ್ನೂ ಎತ್ತರಕ್ಕೆ ಹೋಗುತ್ತದೆ, ಗಡ್ಡೆ ಮಾತ್ರ ಮತ್ತೆ ಅಷ್ಟೇ. ಬಹಳ ಸಲ ಇಲ್ಲಿ ಕೊರತೆಯಾಗಿರುವುದು ರಾತ್ರಿಯ ತಂಪು.

ಆಲೂಗಡ್ಡೆ ಗಿಡ ಎಲೆಯಲ್ಲಿ ಸಕ್ಕರೆ ತಯಾರಿಸಿ, ಅದನ್ನು ನೆಲದೊಳಕ್ಕೆ ಇಳಿಸಿ ಗಡ್ಡೆಯಲ್ಲಿ ಪಿಷ್ಟವಾಗಿ ಕೂಡಿಡುತ್ತದೆ. ರಾತ್ರಿಯ ತಾಪ 15ರಿಂದ 18 ಡಿಗ್ರಿ ಇದ್ದರೆ ಈ ಕೆಲಸ ಸರಾಗ. 20 ದಾಟಿದರೆ ಗಡ್ಡೆ ಕಟ್ಟುವುದು ನಿಧಾನವಾಗುತ್ತದೆ. ಇನ್ನೂ ಏರಿದರೆ ಗಿಡ ಗಡ್ಡೆಯ ಗೊಡವೆ ಬಿಟ್ಟು ಎಲೆ, ಕಾಂಡ ಬೆಳೆಸುತ್ತಲೇ ಹೋಗುತ್ತದೆ. ಹಗಲಿನ ಗಳಿಕೆಯ ದೊಡ್ಡ ಪಾಲು ರಾತ್ರಿಯ ಉಸಿರಾಟಕ್ಕೇ ಖರ್ಚಾಗಿಬಿಡುತ್ತದೆ. ಹಾಸನ ಸುಮಾರು 3,100 ಅಡಿ ಎತ್ತರದಲ್ಲಿದೆ, ಅಲ್ಲಿ ಮುಂಗಾರಿನ ಮೋಡದ ತಂಪಿನಲ್ಲೇ ಬೆಳೆ ಬರುತ್ತದೆ. ಅದಕ್ಕೇ ಅಲ್ಲಿಯವರು ಮೇ, ಜೂನ್‌ನಲ್ಲಿ ಬಿತ್ತುತ್ತಾರೆ. ಮೈಸೂರು ಸುಮಾರು 2,500 ಅಡಿ, ಮಂಡ್ಯ 2,200. ಹಾಸನದವರನ್ನು ನೋಡಿ ನಾವೂ ಜೂನ್‌ನಲ್ಲಿ ಹಾಕಿದರೆ ಗೋಲಿಯೇ ಗತಿ. ನಮಗೆ ಬೇಕಾದ ರಾತ್ರಿಗಳು ಸಿಗುವುದು ನವೆಂಬರ್ ಮಧ್ಯದಿಂದ ಫೆಬ್ರವರಿ ಮೊದಲ ವಾರಗಳವರೆಗೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ರಾತ್ರಿ 15–17 ಡಿಗ್ರಿಗೆ ಇಳಿಯುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎನ್ನುವ ಮಾತಿದೆಯಲ್ಲ, ಆಲೂಗಡ್ಡೆಯ ಕ್ಯಾಲೆಂಡರ್ ಅದೇ. ಶಿವರಾತ್ರಿಗೆ ಮುಂಚೆ ಗಡ್ಡೆ ನೆಲದಿಂದ ಮೇಲೆ ಬಂದಿರಬೇಕು. ಅಲ್ಲಿಂದ ತೊಂಬತ್ತು ದಿನ ಹಿಂದಕ್ಕೆ ಎಣಿಸಿದರೆ ನೆಡುವ ದಿನ ಸಿಗುತ್ತದೆ: ನವೆಂಬರ್ ಮೊದಲ ಎರಡು ವಾರ.

ಇನ್ನೂ ಮೊದಲೇ, ಅಕ್ಟೋಬರ್‌ನಲ್ಲೇ ನೆಟ್ಟರೆ ಆಗದೇ ಎಂದು ಕೇಳಬಹುದು. ನಮ್ಮ ಕಡೆ ಅಕ್ಟೋಬರ್ ದೊಡ್ಡ ಮಳೆಯ ತಿಂಗಳು. ಚಿತ್ತೆ ಮಳೆ, ಸ್ವಾತಿ ಮಳೆ ಹೊಡೆಯುವಾಗ ನೆಟ್ಟ ಗಡ್ಡೆ ಮೊಳೆಯುವ ಮೊದಲೇ ಕೊಳೆಯುತ್ತದೆ. ಸ್ವಾತಿ ಮುಗಿದು ವಿಶಾಖೆ ಹುಟ್ಟುವ ಹೊತ್ತು, ಅಂದರೆ ನವೆಂಬರ್ 6ರ ಆಸುಪಾಸು, ನೆಲ ಹದಕ್ಕೆ ಬಂದಿರುತ್ತದೆ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ, ಉಂಡೆಯನ್ನು ಸೊಂಟದ ಎತ್ತರದಿಂದ ಬಿಡಿ. ಬಿದ್ದು ಪುಡಿಯಾದರೆ ಹದ. ಹಾಗೇ ಉಂಡೆಯಾಗಿ ಕೂತರೆ ಇನ್ನೂ ನಾಲ್ಕು ದಿನ ಕಾಯಿರಿ.

ಇನ್ನು ಬಿತ್ತನೆ ಗಡ್ಡೆಯ ವಿಚಾರ. ಇದರಲ್ಲೇ ಹೆಚ್ಚು ಜನ ಮೋಸ ಹೋಗುವುದು. ಹಾಸನದ ಮಾರುಕಟ್ಟೆಗೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ಬರುವುದು ಮೇ ತಿಂಗಳಲ್ಲಿ; ನಮಗೆ ಬೇಕಾದ್ದು ನವೆಂಬರ್‌ಗೆ. ದೃಢೀಕೃತ ಬಿತ್ತನೆ ಗಡ್ಡೆ ಆ ಹೊತ್ತಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ತರಕಾರಿ ಅಂಗಡಿಯ ಗಡ್ಡೆಯೇ ಗತಿ, ಆದರೆ ಆರಿಸಿ ತರಬೇಕು. ಅಕ್ಟೋಬರ್‌ನಲ್ಲಿ ಅಂಗಡಿಯಲ್ಲಿ ಎರಡು ಬಗೆ ಇರುತ್ತದೆ. ಒಂದು, ಆಗಷ್ಟೇ ಕಿತ್ತು ಬಂದ ಹೊಸ ಆಲೂ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿದು ಬರುತ್ತದೆ. ಇದು ನೆಡಲು ಬಾರದು. ಕಿತ್ತ ಗಡ್ಡೆ ಎಂಟರಿಂದ ಹತ್ತು ವಾರ ನಿದ್ದೆಯಲ್ಲಿರುತ್ತದೆ, ನೀವು ಏನು ಮಾಡಿದರೂ ಮೊಳೆಯುವುದಿಲ್ಲ. ಇನ್ನೊಂದು, ಉತ್ತರದಿಂದ ಬಂದು ಶೈತ್ಯಾಗಾರದಲ್ಲಿದ್ದ ಹಳೇ ಆಲೂ. ಸಿಪ್ಪೆ ಬಿಗಿಯಾಗಿ ಕೂತಿರುತ್ತದೆ. ನಿಮಗೆ ಬೇಕಾದ್ದು ಇದೇ, ಒಂದು ಷರತ್ತಿನ ಮೇಲೆ: ಇದರಲ್ಲಿ ಕೆಲವಕ್ಕೆ ಮೊಳಕೆ ಬಾರದಿರಲೆಂದು ಔಷಧಿ ಕೊಟ್ಟಿರುತ್ತಾರೆ. ಹಾಗಾಗಿ ಕಣ್ಣುಗಳು ಆಗಲೇ ಸ್ವಲ್ಪ ಉಬ್ಬಿರುವ, ಕೋಳಿಮೊಟ್ಟೆಗಿಂತ ತುಸು ಚಿಕ್ಕದಾದ, 40–50 ಗ್ರಾಂ ತೂಗುವ ಗಡ್ಡೆಗಳನ್ನೇ ಒಂದೊಂದಾಗಿ ಆರಿಸಿ. ಹಸಿರು ಬಣ್ಣಕ್ಕೆ ತಿರುಗಿದ್ದರೂ ನೆಡಲು ಅಡ್ಡಿಯಿಲ್ಲ. ಹುರುಕು ಹತ್ತಿದಂಥ ಒರಟು ಮಚ್ಚೆ, ಮೆತ್ತಗಾದ ಜಾಗ, ಕಣ್ಣಿನಿಂದ ಅಂಟು ಒಸರುವುದು, ಇವು ಕಂಡರೆ ಬೇಡ.

ತಳಿಯ ಹೆಸರು ಕೇಳುವವರಿಗೆ: ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಜ್ಯೋತಿ ಇಂದಿಗೂ ಹಾಸನದ ಕಡೆ ಹೆಚ್ಚು ಕಾಣುವ ತಳಿ. ಬಿಳಿ ಸಿಪ್ಪೆ, ಮೊಟ್ಟೆಯಾಕಾರ, ಆಳವಿಲ್ಲದ ಕಣ್ಣು. ನಮ್ಮ ತೊಂಬತ್ತು ದಿನದ ಲೆಕ್ಕಕ್ಕೂ ಹೊಂದುತ್ತದೆ.

ಅಕ್ಟೋಬರ್ ಎರಡನೇ ವಾರಕ್ಕೆ ಗಡ್ಡೆ ತಂದು ಮೊಟ್ಟೆಯ ಟ್ರೇಯಲ್ಲಿ, ಕಣ್ಣು ಹೆಚ್ಚಿರುವ ತುದಿ ಮೇಲೆ ಬರುವಂತೆ ಜೋಡಿಸಿ. ಕಿಟಕಿಯ ಬಳಿ, ಬೆಳಕು ಬೀಳುವ ಆದರೆ ಬಿಸಿಲು ತಾಗದ ಜಾಗದಲ್ಲಿ ಇಡಿ. ಬೆಳಕು ಮುಖ್ಯ. ಗೋಣಿಚೀಲದಲ್ಲೋ ಮಂಚದ ಕೆಳಗೋ ಕತ್ತಲಲ್ಲಿ ಇಟ್ಟರೆ ಬೆರಳುದ್ದದ ಬಿಳಿ ಮೊಳಕೆ ಬರುತ್ತದೆ. ನೆಡುವಾಗ ಮುಟ್ಟಿದರೆ ಸಾಕು, ಮುರಿಯುತ್ತದೆ. ಬೆಳಕಿನಲ್ಲಿ ಬಂದ ಮೊಳಕೆ ಗಿಡ್ಡ, ದಪ್ಪ, ಬುಡದಲ್ಲಿ ಹಸಿರು ಇಲ್ಲವೇ ನೇರಳೆ ಬಣ್ಣ, ಅದರ ಮೇಲೆ ಸಣ್ಣ ಸಣ್ಣ ಗಂಟು. ಆ ಗಂಟುಗಳೇ ಮುಂದೆ ಬೇರು. ಮೂರು ವಾರದಲ್ಲಿ ಮೊಳಕೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಆದರೆ ನೆಡಲು ತಯಾರು. ಮೂರು ವಾರವಾದರೂ ಕಣ್ಣು ಬಿಡದ ಗಡ್ಡೆಯನ್ನು ಸಾರಿಗೆ ಹಾಕಿಕೊಳ್ಳಿ, ನೆಲದಲ್ಲಿ ಹಾಕಿ ಕಾಯಬೇಡಿ.

ಗಡ್ಡೆ ದೊಡ್ಡದಿದ್ದರೆ ಹೋಳು ಮಾಡಬಹುದು. ಪ್ರತಿ ಹೋಳಿನಲ್ಲಿ ಎರಡು ಮೂರು ಕಣ್ಣು ಇರಬೇಕು, ತೂಕ 40 ಗ್ರಾಂಗೆ ಕಡಿಮೆಯಾಗಬಾರದು. ಪ್ರತಿ ಗಡ್ಡೆಗೂ ಚಾಕುವನ್ನು ಕುದಿಯುವ ನೀರಿಗೆ ಅದ್ದಿ ತೆಗೆಯಿರಿ. ಸೊರಗು ರೋಗದ ಬ್ಯಾಕ್ಟೀರಿಯಾ ಒಂದು ಗಡ್ಡೆಯಿಂದ ಇನ್ನೊಂದಕ್ಕೆ ದಾಟುವುದು ಚಾಕುವಿನ ಮೇಲೆಯೇ. ಕೊಯ್ದ ಹೋಳನ್ನು ಕೂಡಲೇ ನೆಡಬೇಡಿ. ನೆರಳಿನಲ್ಲಿ ಎರಡು ದಿನ ಹರಡಿಟ್ಟರೆ ಕೊಯ್ದ ಮುಖದ ಮೇಲೆ ಒಣಗಿದ ತೊಗಲಿನಂಥ ಪೊರೆ ಕಟ್ಟುತ್ತದೆ. ಅದು ಕಟ್ಟಿದ ಮೇಲೆ ನೆಲದಲ್ಲಿ ಕೊಳೆಯುವ ಭಯ ಬಹಳ ಕಡಿಮೆ. ಆದರೂ ಕೈತೋಟಕ್ಕೆ ಇಡೀ ಗಡ್ಡೆಯೇ ಮೇಲು. ಒಂದು ಪಾತಿಗೆ ಬೇಕಾಗುವುದೇ ಒಂದು ಕಿಲೋ, ಅದರಲ್ಲಿ ಉಳಿತಾಯ ಮಾಡಿ ಆಗಬೇಕಾದ್ದೇನೂ ಇಲ್ಲ.

ಪಾತಿ ಎಂದೆ. ಇಂದಿನ ಎಲ್ಲ ಲೆಕ್ಕವನ್ನೂ 10 ಅಡಿ ಉದ್ದ, 4 ಅಡಿ ಅಗಲದ ಒಂದು ಪಾತಿಗೆ ಹೇಳುತ್ತೇನೆ. ನಿಮ್ಮ ಜಾಗ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ಮೊದಲು ಅಲ್ಲೇ ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ಗಡಿಯಾರ ನೋಡಿ. ಎರಡನೇ ನೀರು ನಾಲ್ಕು ಗಂಟೆಯೊಳಗೆ ಇಂಗಿದರೆ ಆಲೂಗಡ್ಡೆಗೆ ಆಗುವ ನೆಲ. ಮೈಸೂರಿನ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಇಂಗುತ್ತದೆ. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವಾಗ ಲಾರಿ ಓಡಾಡಿ ಗಟ್ಟಿಯಾದ ಅಂಗಳ ಇದಕ್ಕೆ ಹೊರತು. ಮಂಡ್ಯದಲ್ಲಿ ನಾಲೆಯ ಕೆಳಗಿನ ಕಪ್ಪು ಜಿಗುಟು ಮಣ್ಣು, ಗದ್ದೆ ಇದ್ದ ಜಾಗದಲ್ಲಿ ಕಟ್ಟಿದ ಮನೆಯಂಗಳ, ಇಲ್ಲೆಲ್ಲ ಬೆಳಗ್ಗೆ ತುಂಬಿಸಿದ ನೀರು ಸಂಜೆಯಾದರೂ ಹಾಗೇ ನಿಂತಿರುತ್ತದೆ. ಅಂಥ ಕಡೆ ಪಾತಿಯನ್ನು ನೆಲಮಟ್ಟದಿಂದ ಒಂದು ಅಡಿ ಏರಿಸಿ, ಸುತ್ತ ಕಾಲುವೆ ಬಿಡಿ. ಇಲ್ಲವೇ ಚೀಲದಲ್ಲಿ ಬೆಳೆಯಿರಿ, ಆ ಮಾತು ಆಮೇಲೆ.

ಮಣ್ಣನ್ನು ಗುದ್ದಲಿಯಿಂದ ಒಂದು ಅಡಿ ಆಳಕ್ಕೆ ಅಗೆದು ಹೆಂಟೆ ಒಡೆಯಿರಿ. ಈ ಪಾತಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10 ಕಿಲೋ, ಅಂದರೆ ಒಂದು ಮಂಕರಿ, ಜೊತೆಗೆ ಅರ್ಧ ಕಿಲೋ ಬೇವಿನ ಹಿಂಡಿ. ಕಳಿತದ್ದು ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬಂದು ಸೇರುತ್ತದೆ. ಗಡ್ಡೆಯನ್ನು ಬೆರಳು ತೂರುವಷ್ಟು ತೂತು ಕೊರೆಯುವುದು ಅದೇ. ಗೊಬ್ಬರ ಕೈಗೆತ್ತಿಕೊಂಡರೆ ಮಣ್ಣಿನ ವಾಸನೆ ಬರಬೇಕು, ಸಗಣಿಯ ವಾಸನೆ ಬರಬಾರದು. ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಅಂದರೆ ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುವ ಗಸಿ, ಸುಲಭವಾಗಿ ಸಿಗುತ್ತದೆ. ಒಳ್ಳೆಯ ಗೊಬ್ಬರವೇ, ಆದರೆ ಕಾರ್ಖಾನೆಯಿಂದ ಬಂದದ್ದು ಒಳಗೊಳಗೇ ಕಾಯುತ್ತಿರುತ್ತದೆ. ನೆರಳಿನಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಎರಡು ಮೂರು ತಿಂಗಳು ಕಳೆದು ರಾಶಿಯೊಳಗೆ ಕೈಯಿಟ್ಟರೆ ತಣ್ಣಗಿದ್ದಾಗ ಬಳಸಿ.

ಬೂದಿಯ ಬಗ್ಗೆ ನಮ್ಮ ಮನೆಗಳಲ್ಲಿ ಬಹಳ ಪ್ರೀತಿ. ಗಡ್ಡೆ ಬೆಳೆಗೆ ಬೂದಿ ಒಳ್ಳೆಯದು ಎನ್ನುವುದು ಅರ್ಧ ನಿಜ; ಅದರಲ್ಲಿ ಪೊಟ್ಯಾಷ್ ಇದೆ. ಆದರೆ ಬೂದಿ ಸುಣ್ಣದ ಹಾಗೆ ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತದೆ, ಕ್ಷಾರದ ಮಣ್ಣಿನಲ್ಲಿ ಆಲೂಗಡ್ಡೆಗೆ ಹುರುಕು ರೋಗ ಹತ್ತುತ್ತದೆ. ಸಿಪ್ಪೆಯ ಮೇಲೆ ಬೆಂಡಿನಂಥ ಒರಟು ಮಚ್ಚೆ ಏಳುವುದು ಅದೇ. ಬೋರ್‌ವೆಲ್ ನೀರು ಗಡುಸಾಗಿರುವ ಕಡೆ, ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುವ ಕಡೆ, ಮಣ್ಣು ಮೊದಲೇ ಕ್ಷಾರ. ಅಲ್ಲಿ ಬೂದಿ ಪೂರ್ತಿ ಬಿಡಿ. ಕೆಂಪು ಮಣ್ಣಿನವರು ಇಡೀ ಪಾತಿಗೆ ಎರಡು ಹಿಡಿ ಹಾಕಿದರೆ ಸಾಕು.

ಪಾತಿಯ ಉದ್ದಕ್ಕೆ ಎರಡು ಅಡಿ ಅಂತರದಲ್ಲಿ ಎರಡು ಸಾಲು ಎಳೆಯಿರಿ. ಸಾಲಿನಲ್ಲಿ ಒಂದು ಗೇಣಿಗೊಂದು ಗಡ್ಡೆ, ಮೊಳಕೆ ಮೇಲ್ಮುಖವಾಗಿ, ಮೂರು ಬೆರಳು ಆಳ. ಸಾಲಿಗೆ 13ರಂತೆ 26 ಗಿಡ. ನೆಟ್ಟ ದಿನ ಮಣ್ಣು ಹದವಾಗಿದ್ದರೆ ನೀರು ಬೇಡ. ಹತ್ತು ಹನ್ನೆರಡು ದಿನಕ್ಕೆ ಮೊಳಕೆ ಹೊರಗೆ ಕಾಣುವವರೆಗೂ ನೆಲ ತೇವವಾಗಿದ್ದರೆ ಸಾಕು. ಹೊಸಬರು ಮಾಡುವ ತಪ್ಪು ಇದೇ, ಮೊಳಕೆ ಕಾಣಲಿಲ್ಲವೆಂದು ದಿನಾ ನೀರು ಹಾಕಿ ಗಡ್ಡೆ ಕೊಳೆಸುವುದು.

ಗಿಡ ಒಂದು ಗೇಣು ಬೆಳೆದಾಗ, ನೆಟ್ಟ 25–30ನೇ ದಿನ, ಮೊದಲ ಸಲ ಮಣ್ಣು ಏರಿಸಬೇಕು. ಇದನ್ನು ಬಿಟ್ಟರೆ ಆಲೂಗಡ್ಡೆ ಬೆಳೆದಂತೆಯೇ ಅಲ್ಲ. ಹೊಸ ಗಡ್ಡೆ ಬೇರಿನಲ್ಲಿ ಬರುವುದಿಲ್ಲ. ನೆಲದೊಳಗಿರುವ ಕಾಂಡದ ಗೆಣ್ಣಿನಿಂದ ಬಿಳಿ ದಾರದಂಥ ಬಳ್ಳಿ ಅಡ್ಡಕ್ಕೆ ಹೊರಡುತ್ತದೆ, ಅದರ ತುದಿ ಊದಿ ಗಡ್ಡೆಯಾಗುತ್ತದೆ. ಒಂದು ಗಿಡದ ಬುಡವನ್ನು ನಿಧಾನ ಬಿಡಿಸಿ ನೋಡಿದರೆ ಈ ಬಳ್ಳಿಗಳು ನೆಟ್ಟ ಗಡ್ಡೆಗಿಂತ ಮೇಲೆಯೇ ಇರುವುದು ಕಾಣುತ್ತದೆ. ಮೇಲೆ ಮಣ್ಣು ಇಲ್ಲದಿದ್ದರೆ ಬಳ್ಳಿ ಬೆಳಕಿಗೆ ಬಂದು ಗಡ್ಡೆ ಕಟ್ಟುವ ಬದಲು ಎಲೆ ಬಿಡುತ್ತದೆ. ಕಟ್ಟಿದ ಗಡ್ಡೆ ಹೊರಗೆ ಇಣುಕಿದರೆ ಹಸಿರಾಗುತ್ತದೆ. ಸಾಲಿನ ಎರಡೂ ಕಡೆಯ ಮಣ್ಣನ್ನು ಬುಡಕ್ಕೆ ಎಳೆದು, ಗಿಡದ ಮೇಲಿನ ಮೂರನೇ ಒಂದು ಭಾಗ ಮಾತ್ರ ಹೊರಗೆ ಉಳಿಯುವಂತೆ ದಿಂಡು ಮಾಡಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ದಿಂಡು ಕೊನೆಗೆ ಎಂಟು ಹತ್ತು ಅಂಗುಲ ಎತ್ತರ ನಿಲ್ಲಬೇಕು. ಅದರ ಮೇಲೆ ಕಬ್ಬಿನ ತರಗನ್ನೋ ಒಣ ಹುಲ್ಲನ್ನೋ ಎರಡು ಅಂಗುಲ ಹೊದಿಸಿದರೆ ಮಣ್ಣು ತಂಪಾಗಿಯೂ ಇರುತ್ತದೆ, ನೀರು ಹಾಕುವಾಗ ದಿಂಡು ಕರಗುವುದೂ ಇಲ್ಲ.

ಮೊದಲ ಸಲ ಮಣ್ಣು ಏರಿಸುವ ಮುಂಚೆ ಸಾಲಿನ ಪಕ್ಕ ಇನ್ನರ್ಧ ಕಿಲೋ ಹಿಂಡಿ ಹಾಕಬಹುದು. ರಾಸಾಯನಿಕ ಗೊಬ್ಬರ ಬಳಸುವವರು ಈ ಪಾತಿಗೆ 40 ಗ್ರಾಂ ಯೂರಿಯಾ ಮೀರಬಾರದು. 45 ದಿನ ಕಳೆದ ಮೇಲೆ ಸಾರಜನಕ ಕೊಟ್ಟರೆ ಗಿಡ ಮತ್ತೆ ಎಲೆಯ ಕಡೆಗೆ ತಿರುಗುತ್ತದೆ.

ನೀರಿನ ಲೆಕ್ಕ: ಚಳಿಗಾಲದಲ್ಲಿ ಎಲೆ ತುಂಬಿದ ಪಾತಿಯಿಂದ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು ಆವಿಯಾಗುತ್ತದೆ. ನಮ್ಮ ಪಾತಿ 3.7 ಚದರ ಮೀಟರ್. ನಾಲ್ಕು ದಿನಕ್ಕೊಮ್ಮೆ 60 ಲೀಟರ್, ದೊಡ್ಡ ಬಕೆಟ್ಟಿನಲ್ಲಿ ನಾಲ್ಕು. ಎಲೆಯ ಮೇಲೆ ಹಾಕಬೇಡಿ, ಸಾಲಿನ ನಡುವಿನ ಕಾಲುವೆಗೆ ಬಿಡಿ, ಬೆಳಗಿನ ಹೊತ್ತು. ಗಡ್ಡೆ ಕಟ್ಟಲು ಶುರುವಾಗುವ ನಾಲ್ಕರಿಂದ ಏಳನೇ ವಾರದವರೆಗೆ ಒಂದು ಸರದಿಯನ್ನೂ ತಪ್ಪಿಸಬಾರದು. ಆಗ ಒಣಗಿದರೆ ಗಡ್ಡೆಯ ಸಂಖ್ಯೆ ಕಡಿಮೆ, ಹುರುಕು ಜಾಸ್ತಿ. ಎಂಟು ಹತ್ತು ದಿನ ಒಣಗಿಸಿ ಆಮೇಲೆ ಒಮ್ಮೆಲೇ ತೋಯಿಸಿದರೆ ಗಡ್ಡೆ ಸೀಳುತ್ತದೆ, ಇಲ್ಲವೇ ಮೈಮೇಲೆ ಇನ್ನೊಂದು ಗುಬುಟು ಬೆಳೆದು ಶುಂಠಿಯ ಆಕಾರಕ್ಕೆ ತಿರುಗುತ್ತದೆ.

ರೋಗಗಳಲ್ಲಿ ಮೂರನ್ನು ಗುರುತಿಸಲು ಕಲಿತರೆ ಸಾಕು. ಕೆಳಗಿನ ಹಳೆ ಎಲೆಗಳ ಮೇಲೆ ಒಂದರೊಳಗೊಂದು ಬಳೆ ಜೋಡಿಸಿದಂಥ ಕಂದು ಚುಕ್ಕೆ ಬಂದರೆ ಅದು ಮೊದಲ ಅಂಗಮಾರಿ. ಆ ಎಲೆಗಳನ್ನು ಕಿತ್ತು ಸುಟ್ಟರೆ ಹತೋಟಿಗೆ ಬರುತ್ತದೆ. ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದಂತೆ ಕಪ್ಪು ಮಚ್ಚೆ, ಮುಂಜಾನೆ ಎಲೆ ತಿರುಗಿಸಿ ನೋಡಿದರೆ ಅಡಿಯಲ್ಲಿ ಬಿಳಿ ಬೂಸು, ಅದು ಕೊನೆಯ ಅಂಗಮಾರಿ. 1845ರಲ್ಲಿ ಐರ್ಲೆಂಡಿನ ಬರಗಾಲಕ್ಕೆ ಕಾರಣವಾದ, ಹಾಸನದ ರೈತರನ್ನು ಮಳೆಗಾಲದಲ್ಲಿ ಮತ್ತೆ ಮತ್ತೆ ಕಾಡುವ ರೋಗ. ನಮ್ಮ ಚಳಿಗಾಲ ಒಣಗಿರುವುದರಿಂದ ಅಷ್ಟಾಗಿ ಬಾರದು. ಆದರೆ ಡಿಸೆಂಬರ್‌ನಲ್ಲಿ ಮೋಡ ಕವಿದು, ಜಿಟಿಜಿಟಿ ಮಳೆಯೋ ಮಂಜೋ ಮೂರು ದಿನ ನಿಂತರೆ ಕಾಯುತ್ತಾ ಕೂರಬೇಡಿ, ಬೋರ್ಡೋ ದ್ರಾವಣ ಹೊಡೆಯಿರಿ. ಅಡಿಕೆಯವರಿಗೆ ಇದು ಗೊತ್ತಿರುವುದೇ. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಿರಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ತಿಳಿ ನೀಲಿಯಾದ ಮೇಲೆ ಒಂದು ಹೊಳೆಯುವ ಕಬ್ಬಿಣದ ಮೊಳೆಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಮೊಳೆಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಆ ದ್ರಾವಣ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಮಾಡಿದ ದಿನವೇ ಹೊಡೆದು ಮುಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಮೂರನೆಯದು ಸೊರಗು ರೋಗ. ನಿನ್ನೆ ಹಸಿರಾಗಿದ್ದ ಗಿಡ ಇಂದು ಮಧ್ಯಾಹ್ನ ಹಸಿರಾಗಿಯೇ ಜೋತು ಬೀಳುತ್ತದೆ. ನೀರಿನ ಕೊರತೆ ಎಂದುಕೊಂಡು ನೀರು ಹಾಕಿದರೂ ಏಳುವುದಿಲ್ಲ. ಅನುಮಾನ ಬಂದರೆ ಬುಡದ ಬಳಿ ಕಾಂಡವನ್ನು ನಾಲ್ಕು ಅಂಗುಲ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ಮಾತ್ರ ಮುಳುಗುವಂತೆ ಅಲುಗಿಸದೆ ಹಿಡಿಯಿರಿ. ಹಿಂದೆ ಕಪ್ಪು ಬಟ್ಟೆ ಇದ್ದರೆ ಚೆನ್ನಾಗಿ ಕಾಣುತ್ತದೆ. ಎರಡು ಮೂರು ನಿಮಿಷದಲ್ಲಿ ತುದಿಯಿಂದ ಹಾಲಿನಂಥ ಎಳೆ ನೀರಿನಲ್ಲಿ ಇಳಿಯತೊಡಗಿದರೆ ಅದು ಬ್ಯಾಕ್ಟೀರಿಯಾ. ಇದಕ್ಕೆ ಔಷಧಿ ಇಲ್ಲ. ಗಿಡವನ್ನು ಬುಡದ ಮಣ್ಣಿನ ಸಮೇತ ತೆಗೆದು ಮನೆಯಿಂದ ಹೊರಗೆ ಸುಟ್ಟುಹಾಕಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಆ ಪಾತಿಯಲ್ಲಿ ಮೂರು ವರ್ಷ ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ನಾಲ್ಕನ್ನೂ ಹಾಕಬಾರದು. ನಾಲ್ಕೂ ಒಂದೇ ಮನೆತನ, ಒಬ್ಬರ ರೋಗ ಇನ್ನೊಬ್ಬರಿಗೆ. ಅಂಗಡಿಯ ಗಡ್ಡೆಯನ್ನು ಮೊದಲ ವರ್ಷ ನೆಲದಲ್ಲಿ ಹಾಕದೆ ಚೀಲದಲ್ಲಿ ಹಾಕಿ ನೋಡಿ ಎಂದು ಹೇಳುವುದೂ ಇದಕ್ಕೇ. ಚೀಲದ ಮಣ್ಣನ್ನು ಎಸೆಯಬಹುದು, ಅಂಗಳದ ಮಣ್ಣನ್ನು ಎಸೆಯಲಾಗದು.

ಚೀಲಕ್ಕೆ ಬರೋಣ. 15 ಅಂಗುಲ ಅಗಲ, 15 ಅಂಗುಲ ಎತ್ತರದ ಬಿಳಿ ಗ್ರೋ ಬ್ಯಾಗ್‌ಗೆ ಎರಡು ಗಡ್ಡೆ. ಕಪ್ಪು ಚೀಲ ಬೇಡ, ಮಹಡಿಯ ಬಿಸಿಲಿಗೆ ಒಳಗಿನ ಮಣ್ಣು ಕಾಯುತ್ತದೆ. 25 ಕಿಲೋ ಅಕ್ಕಿಯ ಚೀಲವೂ ಆದೀತು, ತಳದಲ್ಲಿ ಹತ್ತು ಹನ್ನೆರಡು ತೂತು ಮಾಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ನಾರಿನ ಪುಡಿಯನ್ನು ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ, ಅದರಲ್ಲಿರುವ ಉಪ್ಪು ಹೋಗಲಿ. ಚೀಲದ ಅಂಚನ್ನು ಮಡಚಿ, ಮೊದಲು ಮೂರನೇ ಒಂದು ಭಾಗ ತುಂಬಿ ಗಡ್ಡೆ ನೆಡಿ. ಗಿಡ ಏರಿದಂತೆ ಮಡಿಕೆ ಬಿಚ್ಚುತ್ತಾ ಮಿಶ್ರಣ ತುಂಬಿ. ಆದರೆ ಮೂರು ನಾಲ್ಕು ಅಡಿ ಎತ್ತರದ ಗೋಪುರ ಮಾಡಿದರೆ ಉದ್ದಕ್ಕೂ ಗಡ್ಡೆ ಬರುತ್ತದೆ ಎಂದು ತೋರಿಸುವ ವೀಡಿಯೊಗಳನ್ನು ನಂಬಬೇಡಿ. ನಮ್ಮ ತಳಿಗಳು ಬುಡದ ಕೆಲವು ಗೆಣ್ಣುಗಳಲ್ಲಿ ಮಾತ್ರ ಗಡ್ಡೆ ಕಟ್ಟುತ್ತವೆ, ಮೇಲಿನ ಮಣ್ಣು ದಂಡ. ಒದ್ದೆ ಮಣ್ಣು ತುಂಬಿದ ಇಂಥ ಒಂದು ಚೀಲ 45–50 ಕಿಲೋ ತೂಗುತ್ತದೆ. ಮಹಡಿಯ ನಡುವೆ ಗುಂಪಾಗಿ ಇಡಬೇಡಿ, ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನಲ್ಲಿ ಸಾಲಾಗಿ ಇಡಿ.

80 ದಿನದ ಹೊತ್ತಿಗೆ ಎಲೆ ಹಳದಿಗೆ ತಿರುಗುತ್ತದೆ. ಅಂದಿನಿಂದ ನೀರು ನಿಲ್ಲಿಸಿ. ನಾಲ್ಕೈದು ದಿನ ಬಿಟ್ಟು ಗಿಡವನ್ನು ನೆಲಮಟ್ಟಕ್ಕೆ ಕೊಯ್ದು ತೆಗೆಯಿರಿ, ಗಡ್ಡೆ ಮಾತ್ರ ನೆಲದಲ್ಲೇ ಇನ್ನೊಂದು ವಾರ ಇರಲಿ. ಸಿಪ್ಪೆ ಬಲಿಯುವುದು ಆ ವಾರದಲ್ಲಿ. ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ, ಸಿಪ್ಪೆ ಜಾರದಿದ್ದರೆ ಅಗೆಯುವ ಕಾಲ. ದಿಂಡಿನ ಪಕ್ಕದಿಂದ, ಒಂದು ಅಡಿ ದೂರದಿಂದ ಗುದ್ದಲಿ ಹಾಕಿ. ಮೈಸೂರು, ಮಂಡ್ಯದಲ್ಲಿ ಗಿಡಕ್ಕೆ ಕಾಲು ಕಿಲೋದಿಂದ 400 ಗ್ರಾಂ ಬಂದರೆ ಒಳ್ಳೆಯ ಬೆಳೆ. 26 ಗಿಡಕ್ಕೆ ಏಳರಿಂದ ಹತ್ತು ಕಿಲೋ. ತೊಳೆಯಬೇಡಿ. ಗಾಳಿಯಾಡುವ ಕತ್ತಲೆ ಜಾಗದಲ್ಲಿ ಹತ್ತು ದಿನ ಹರಡಿಟ್ಟು ಆಮೇಲೆ ಬುಟ್ಟಿಗೆ ತುಂಬಿ, ಈರುಳ್ಳಿಯ ಜೊತೆ ಬೇಡ. ಫ್ರಿಜ್ಜಿನಲ್ಲಿ ಇಟ್ಟರೆ ಪಿಷ್ಟ ಸಕ್ಕರೆಯಾಗಿ ಪಲ್ಯ ಸಿಹಿಯಾಗುತ್ತದೆ, ಹುರಿದರೆ ಕಪ್ಪಾಗುತ್ತದೆ. ಫೆಬ್ರವರಿಯಿಂದ ಗಡ್ಡೆ ಕೊರೆಯುವ ಪತಂಗ ಶುರುವಾಗುವುದರಿಂದ ಬುಟ್ಟಿಯ ಮೇಲೆ ಒಣಗಿದ ಲಂಟಾನ ಸೊಪ್ಪನ್ನೋ ನೀಲಗಿರಿ ಎಲೆಯನ್ನೋ ಎರಡು ಅಂಗುಲ ಮುಚ್ಚಿ.

ಈಗ ಪಾತಿ ಖಾಲಿ. ಮುಂದಿನ ನವೆಂಬರ್‌ವರೆಗೆ ಒಂಬತ್ತು ತಿಂಗಳು ಇದೆ, ಈ ಒಂಬತ್ತು ತಿಂಗಳಲ್ಲಿ ಏನು ಹಾಕುತ್ತೀರಿ ಎನ್ನುವುದರ ಮೇಲೆ ಮುಂದಿನ ಬೆಳೆ ನಿಂತಿದೆ.

ಫೆಬ್ರವರಿ ಕೊನೆಗೆ ಬೆಂಡೆ ಹಾಕಿ. ಬೀಜವನ್ನು ರಾತ್ರಿ ನೆನೆಸಿ, ಒಂದೂವರೆ ಅಡಿ ಸಾಲಿನಲ್ಲಿ ಅಡಿಗೊಂದು. ಬೇಸಿಗೆಯಲ್ಲಿ ಬಿಳಿ ನೊಣ ಹಳದಿ ನರದ ರೋಗ ತರುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಅದನ್ನು ತಡೆಯಲೆಂದೇ ಬಂದದ್ದು. 45–50 ದಿನಕ್ಕೆ ಕಾಯಿ, ಆಮೇಲೆ ದಿನ ಬಿಟ್ಟು ದಿನ ಕೊಯ್ಯಬೇಕು. ಒಂದು ಕಾಯಿ ಬಲಿಯಲು ಬಿಟ್ಟರೂ ಗಿಡ ಸೋಮಾರಿಯಾಗುತ್ತದೆ. ಬೆಂಡೆಯ ನಡುವೆ ಅಲಸಂದೆ. ದಂಟು, ಹರಿವೆ, ಮೆಂತ್ಯದಂಥ ಸೊಪ್ಪು 25–30 ದಿನದಲ್ಲಿ ಬಂದು ಹೋಗುತ್ತದೆ, ಎಲ್ಲಿ ಜಾಗವಿದೆಯೋ ಅಲ್ಲಿ ಚೆಲ್ಲಿ.

ಬೇಲಿಗೆ, ಚಪ್ಪರಕ್ಕೆ ಹೀರೆ, ಸೋರೆ ಹಬ್ಬಿಸುವವರು ಒಂದು ಗಮನಿಸಿ. ಇವೆರಡರ ಹೂ ಅರಳುವುದು ಸಂಜೆ. ಜೇನು ಗೂಡು ಸೇರಿದ ಹೊತ್ತದು, ಪೇಟೆಯಲ್ಲಿ ರಾತ್ರಿ ಪತಂಗವೂ ಕಡಿಮೆ. ಹೂ ಬಿಟ್ಟು ಪೀಚು ಹಳದಿಯಾಗಿ ಉದುರುವುದು ಇದರಿಂದ. ಸಂಜೆ ಆರೂವರೆಗೆ ಗಂಡು ಹೂವೊಂದನ್ನು ಕಿತ್ತು, ಎಸಳು ಸುಲಿದು, ಪುಡಿ ತುಂಬಿದ ನಡುಭಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಹೆಣ್ಣು ಹೂವಿಗೆ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ, ಗುರುತು ತಪ್ಪುವುದಿಲ್ಲ.

ಬದನೆ, ಟೊಮೆಟೊ ಬೇರೆ ಪಾತಿಯಲ್ಲೇ ಇರಲಿ, ಕಾರಣ ಹೇಳಿದ್ದೇನೆ. ನಮ್ಮ ಈರನಗೆರೆ ಬದನೆ ಇರಲಿ, ಬೇರೆ ಯಾವುದೇ ಇರಲಿ, ಸುಳಿ ಬಾಡಿ ಜೋತು ಬಿದ್ದರೆ ಒಳಗೆ ಕೊರಕ ಹುಳು ಇದೆ ಎಂದರ್ಥ. ಅಂದೇ ಬಾಡಿದ ಜಾಗದಿಂದ ಒಂದು ಅಂಗುಲ ಕೆಳಗೆ ಚಿವುಟಿ ಸೋಪಿನ ನೀರಿಗೆ ಹಾಕಿ. ಅದೇ ಮುಂದೆ ಕಾಯಿಗೆ ಇಳಿಯುವುದು. ಟೊಮೆಟೊ ಹಣ್ಣಿನ ತಳ ಕಪ್ಪಾಗಿ ಕುಗ್ಗುವುದು ರೋಗವಲ್ಲ, ಒಂದು ದಿನ ಒಣಗಿಸಿ ಒಂದು ದಿನ ತೋಯಿಸಿದ್ದರ ಫಲ. ನೀರು ಸಮನಾದರೆ ನಿಲ್ಲುತ್ತದೆ.

ಜುಲೈ ಮಧ್ಯದ ಮೇಲೆ ಆ ಆಲೂಗಡ್ಡೆ ಪಾತಿಗೆ ಚೆಂಡು ಹೂವಿನ ಪೈರು ನಾಟಿ ಮಾಡಿ. ಅಡಿಗೊಂದರಂತೆ ಒತ್ತಾಗಿ, ಪಾತಿ ಪೂರ್ತಿ. ಆಲೂಗಡ್ಡೆ, ಬೆಂಡೆ ಎರಡನ್ನೂ ಕಾಡುವ ಬೇರುಗಂಟು ಜಂತುಹುಳು ಚೆಂಡು ಹೂವಿನ ಬೇರಿನಲ್ಲಿ ಸಂತಾನ ಬೆಳೆಸಲಾರದು. ಎರಡು ಎರಡೂವರೆ ತಿಂಗಳು ನೆಲ ತುಂಬ ಅದೇ ಇದ್ದರೆ ಜಂತುವಿನ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. ಅಲ್ಲೊಂದು ಇಲ್ಲೊಂದು ಅಂದಕ್ಕೆ ನೆಟ್ಟರೆ ಈ ಲಾಭವಿಲ್ಲ. ದಸರೆಗೆ ಹೂ ಸಿಗುತ್ತದೆ, ಆಯುಧಪೂಜೆಗೆ ಮಾರುಕಟ್ಟೆಗೆ ಹೋಗಬೇಕಿಲ್ಲ. ಹಬ್ಬ ಮುಗಿದ ಮಾರನೇ ದಿನ ಗಿಡವನ್ನು ಕೊಚ್ಚಿ ಮಣ್ಣಿಗೆ ಸೇರಿಸಿದರೆ ನೆಡುವ ಹೊತ್ತಿಗೆ ಕಳಿತಿರುತ್ತದೆ. ದಸರೆ ತಡವಾಗಿ ಬಂದ ವರ್ಷ ಅದು ಕಳಿಯಲು ಬೇಕಾದ ಮೂರು ವಾರ ಸಿಗುವುದಿಲ್ಲ. ಆಗ ಬೇರು ಮಾತ್ರ ನೆಲದಲ್ಲಿ ಬಿಟ್ಟು ಗಿಡವನ್ನು ಕಾಂಪೋಸ್ಟಿಗೆ ಹಾಕಿ.

ಸಭೆಯಲ್ಲಿ ಬಂದ ಮೂರು ಪ್ರಶ್ನೆಗಳು:

ತೆಂಗಿನ ಮರದಡಿ ಜಾಗವಿದೆ, ಅಲ್ಲಿ ಆಲೂಗಡ್ಡೆ ಬರುತ್ತದೆಯೇ?

ಬರುವುದಿಲ್ಲ, ಬಿಸಿಲು ಸಾಲದು. ಅಲ್ಲಿ ಕೆಸುವಿನ ಗಡ್ಡೆ, ಸುವರ್ಣಗಡ್ಡೆ, ಅರಿಸಿನ ಹಾಕಿ. ಬಿಸಿಲಿದ್ದೂ ಚಳಿ ತಪ್ಪಿಹೋಗಿದ್ದರೆ ಗೆಣಸಿನ ಬಳ್ಳಿ ನೆಡಿ, ಅದಕ್ಕೆ ನಮ್ಮ ಬೆಚ್ಚಗಿನ ರಾತ್ರಿಯೇ ಇಷ್ಟ.

ಆಲೂಗಡ್ಡೆ ಗಿಡದಲ್ಲಿ ಪುಟ್ಟ ಟೊಮೆಟೊ ಥರ ಹಸಿರು ಕಾಯಿ ಬಿಟ್ಟಿದೆ, ತಿನ್ನಬಹುದೇ?

ಖಂಡಿತ ಬೇಡ ತಾಯಿ, ಅದು ವಿಷ. ಮನೆಯಲ್ಲಿ ಮಕ್ಕಳಿದ್ದರೆ ಕಂಡ ಕೂಡಲೇ ಕಿತ್ತು ಎಸೆಯಿರಿ. ಹಸಿರಾದ ಗಡ್ಡೆಯಲ್ಲಿ, ಮೊಳಕೆಯಲ್ಲಿ ಇರುವುದೂ ಅದೇ ವಿಷ, ಬೇಯಿಸಿದರೆ ಹೋಗುವುದಿಲ್ಲ. ಸ್ವಲ್ಪ ಹಸಿರಾಗಿದ್ದರೆ ಆ ಭಾಗವನ್ನು ದಪ್ಪಕ್ಕೆ ಕೆತ್ತಿ ತೆಗೆಯಬಹುದು. ಪೂರ್ತಿ ಹಸಿರಾಗಿದ್ದರೆ, ಬಾಯಿಗಿಟ್ಟರೆ ಕಹಿ ಎನಿಸಿದರೆ, ಬಿಸಾಡಿ.

ನಮ್ಮ ಬೆಳೆಯಿಂದಲೇ ಮುಂದಿನ ವರ್ಷಕ್ಕೆ ಬಿತ್ತನೆ ಉಳಿಸಿಕೊಳ್ಳಬಹುದೇ?

ಕಷ್ಟ. ಫೆಬ್ರವರಿಯಲ್ಲಿ ಕಿತ್ತ ಗಡ್ಡೆ ಏಪ್ರಿಲ್ ಕೊನೆಗೆ ನಿದ್ದೆ ಮುಗಿಸಿ ಮೊಳೆಯುತ್ತದೆ, ನವೆಂಬರ್‌ಗೆ ಸುಕ್ಕಾಗಿ ಹೋಗಿರುತ್ತದೆ. ಬಿತ್ತನೆಯನ್ನು 2ರಿಂದ 4 ಡಿಗ್ರಿ ತಂಪಿನಲ್ಲಿ ಇಡುವ ಶೈತ್ಯಾಗಾರ ಮನೆಯಲ್ಲಿಲ್ಲ. ಇನ್ನೂ ಒಂದಿದೆ: ಗಿಡಹೇನು ತರುವ ನಂಜುರೋಗದ ವೈರಸ್ ಗಡ್ಡೆಯೊಳಗೆ ಉಳಿದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ, ಇಳುವರಿ ಇಳಿಯುತ್ತಾ ಬರುತ್ತದೆ. ಬೆಂಡೆ, ಅಲಸಂದೆ, ದಂಟಿನ ಬೀಜ ಮನೆಯಲ್ಲೇ ಮಾಡಿಕೊಳ್ಳಿ. ಆಲೂಗಡ್ಡೆಗೆ ಮಾತ್ರ ಪ್ರತಿ ಅಕ್ಟೋಬರ್‌ನಲ್ಲಿ ಒಂದು ಕಿಲೋ ಹೊಸದಾಗಿ ಆರಿಸಿ ತನ್ನಿ, ಹೆಬ್ಬೆರಳಿನಿಂದ ಉಜ್ಜಿ ನೋಡುವುದನ್ನು ಮರೆಯದೆ.